ಸೇಫ್ ಅಂದ್ರ ಏನವ್ವಾ

ನೀಲಾಂಬಿಕಾ ಕೊನೆಯದಾಗಿ ಆಡಿದ್ದು ಒಂದೇ ಒಂದು ಪದ, ಅದೂ ಇಂಗ್ಲಿಷಿನದು. "ಸೇಫ್" ಎಂದಳು, ಫೋನ್ ಇಟ್ಟಳು. ಆ ಕಡೆ ಅದನ್ನು ಕೇಳಿಸಿಕೊಂಡವಳು ಮಹಾನಂದಾ. ಕೇಳಿಸಿಕೊಳ್ಳುವುದೇ ಅವಳ ನೌಕರಿಯಾಗಿತ್ತು.

ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನ ನೆಲಮಾಳಿಗೆಯಲ್ಲಿ, ಕಾರು ನಿಲ್ಲುವ ಜಾಗದ ಪಕ್ಕ, ಕಂಪನಿಯ ಟ್ರಾನ್ಸ್‌ಪೋರ್ಟ್ ಡೆಸ್ಕ್ ಇತ್ತು. ರಾತ್ರಿ ಪಾಳಿ ಮುಗಿಸಿದ ಹೆಣ್ಣುಮಕ್ಕಳನ್ನು ಬೆಳಗಿನ ಜಾವ ಕ್ಯಾಬುಗಳು ಮನೆಗೆ ಬಿಡುತ್ತಿದ್ದವು. ಒಬ್ಬೊಬ್ಬರೂ ಇಳಿದ ಮೇಲೆ ಡೆಸ್ಕಿನಿಂದ ಫೋನ್ ಹೋಗಬೇಕು, "ಸೇಫ್ ರೀಚ್ ಆದ್ರಾ?" ಎಂದು ಕೇಳಬೇಕು. "ಸೇಫ್" ಎಂದು ಉತ್ತರ ಬಂದರೆ ಪರದೆಯ ಮೇಲೆ ಅವರ ಹೆಸರಿನ ಮುಂದಿನ ಕೆಂಪು ಚುಕ್ಕೆ ಹಸಿರಾಗುತ್ತದೆ. ಹಸಿರಾಗುವ ತನಕ ಡ್ರೈವರ್ ಅಲ್ಲಿಂದ ಗಾಡಿ ಕದಲಿಸುವ ಹಾಗಿಲ್ಲ. ಕರೆಗಳೆಲ್ಲ ರೆಕಾರ್ಡ್ ಆಗುತ್ತಿದ್ದವು. ಆಗಾಗ ಆಡಿಟ್‌ನವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತು ಕೇಳುತ್ತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. "ಬಂದೆ", "ತಲುಪಿದೆ", "ಮನೇಲಿದೀನಿ" ಎಂದರೆ ಅದು ಉತ್ತರವೇ ಅಲ್ಲ. ಆ ಒಂದು ಪದವೇ ಬೇಕು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನೀಲಾಂಬಿಕಾ ಅದನ್ನೊಂದು ಆಟ ಮಾಡಿಕೊಂಡಿದ್ದಳು.

"ಸೇಫ್ ರೀಚ್ ಆದ್ರಾ ಮೇಡಂ?"

"ಮುಟ್ಟೀನವಾ."

"ಸೇಫ್ ರೀಚ್ ಆದ್ರಾ?"

"ಆರಾಮ ಮುಟ್ಟೀನಿ. ಸುಖರೂಪ ಮುಟ್ಟೀನಿ. ಸಾಬೂತ ಅದೀನಿ, ಕೈಕಾಲು ಎಲ್ಲಾ ಅವ. ಎಣಿಸಿ ಹೇಳ್ಲೇನು?"

"ಏ ಮಾರಾಯ್ತಿ, ಆ ಪದಾ ಹೇಳ. ಇಲ್ಲಿ ಕೆಂಪಗ ಉಳದದ."

"ಜ್ವಾಕಿ ಅದೀನಿ."

"ನೀಲಾ!"

"ಸೇಫ್, ಸೇಫ್, ಸೇಫ್. ಸಾಕಾ? ನಿನಗ ಅನ್ನಾ ಇಡ್ಲೋ ಬ್ಯಾಡೋ?"

ಇಬ್ಬರೂ ಶಹಾಪುರದ ಕಡೆಯವರು. ಊರು ಬೇರೆ ಬೇರೆ, ಕಾಲೇಜು ಒಂದೇ. ಕಾಡುಗೋಡಿಯ ಒಂದು ಓಣಿಯಲ್ಲಿ, ವಸಂತಮ್ಮ ಎಂಬ ಒಡತಿಯ ಕಟ್ಟಡದ ಮೊದಲ ಮಹಡಿಯಲ್ಲಿ, ಒಂದು ರೂಮು ಮಾಡಿಕೊಂಡಿದ್ದರು. ನೀಲಾಂಬಿಕಾ ರಾತ್ರಿಯೆಲ್ಲ ಕಂಪ್ಯೂಟರಿನ ಮುಂದೆ ಕೂತು, ಯಾವುದೋ ದೇಶದಲ್ಲಿ ಬೂಟು ಕೊಂಡು ಅಳತೆ ಸರಿಯಾಗದವರಿಗೆ ಸಮಾಧಾನ ಬರೆಯುತ್ತಿದ್ದಳು. ಮಹಾನಂದಾ ನಸುಕಿನಲ್ಲೇ ಡೆಸ್ಕಿಗೆ ಹೋಗುತ್ತಿದ್ದಳು. ಒಬ್ಬಳು ಬರುವ ಹೊತ್ತಿಗೆ ಇನ್ನೊಬ್ಬಳು ಹೋಗಿರುತ್ತಿದ್ದಳು. ಹಾಸಿಗೆ ಒಂದೇ ಸಾಕಾಗಿತ್ತು. ಮಾತಿಗೆ ಸಿಗುತ್ತಿದ್ದದ್ದು ಮಧ್ಯಾಹ್ನ ಮಾತ್ರ, ನೀಲಾಂಬಿಕಾ ಎದ್ದು, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಮಹಾನಂದಾಳ ಮುಂದೆ ಕೂರುವಾಗ.

ಹಾಗೆ ಕೂತಾಗ ಒಮ್ಮೆ ಆ ಪದದ ಮಾತು ಬಂದಿತ್ತು.

"ಈ ಊರಾಗ ಎಲ್ಲರ ಬಾಯಾಗೂ ಅದಾ ಪದ ನೋಡು," ಎಂದಳು ನೀಲಾಂಬಿಕಾ. "ವಸಂತಮ್ಮಗ ಕೇಳು. ನಮ್ ಏರಿಯಾ ಸೇಫ್ ಕಣಮ್ಮ, ಕ್ಯಾಮ್ರಾ ಐತೆ ಅಂತಾಳ. ನಮ್ಮ ಟೀಮಿನ ಹುಡುಗ್ಯಾರು ಯಾವನ ಬಗ್ಗೆ ಕೇಳಿದ್ರೂ, ಅವನು ಸೇಫ್ ಕಣೇ, ಅಂಗಡೀಗ್ ಕರ್ಕೊಂಡ್ ಹೋದ್ರೆ ಬ್ಯಾಗ್ ಹಿಡ್ಕೋತಾನೆ ಅಂತಾರ. ನಿಮ್ಮ ಮನು ಸರ್ ಏನಂತಾರ?"

"ಸೇಫರ್ ಸೈಡ್‌ಗೆ ಒಂದು ಮೇಲ್ ಹಾಕ್ಬಿಡಿ," ಎಂದು ಮಹಾನಂದಾ ತನ್ನ ಮ್ಯಾನೇಜರನ ದನಿ ಮಾಡಿದಳು. ಇಬ್ಬರೂ ನಕ್ಕರು.

"ನಮ್ಮ ಕಡೆ ಇದಕ್ಕ ಪದಾನ ಇಲ್ಲ ನೋಡು ಮಹಾ."

"ಯಾಕಿಲ್ಲ? ಫೋನಿನ್ಯಾಗ ಅಷ್ಟು ಒದರ್ತಿದ್ದಿ."

"ಅವು ಬ್ಯಾರೆ. ಆರಾಮ ಅಂದ್ರ ಮೈಗೆ. ಸುಖರೂಪ ಅಂದ್ರ ಪತ್ರದಾಗ ಬರಿಯೂದು. ಜ್ವಾಕಿ ಅಂದ್ರ ಯಾರರ ಒಬ್ಬರು ಕಾಯ್ಲಿಕ್ಕೇ ಬೇಕು. ನಮ್ಮವ್ವ ನನಗ ಜ್ವಾಕಿ ಹೋಗು ಅಂತಾಳ ಹೊರತು ಜ್ವಾಕಿ ಅದೀಯೇನು ಅಂತ ಕೇಳಂಗಿಲ್ಲ. ಯಾರೂ ಕಾಯಲಾರದ, ಒಬ್ಬಾಕಿನೇ ಇದ್ದು, ಏನೂ ಆಗಲಾರದ್ದಕ್ಕ ನಮ್ಮಲ್ಲಿ ಯಾರು ಪದಾ ಮಾಡ್ಯಾರ? ಅಂಥಾಕಿ ಯಾರಿದ್ರು ಮೊದಲ?"

ಮಹಾನಂದಾಳಿಗೆ ಅಜ್ಜಿ ನೆನಪಾದಳು. ಅಜ್ಜಿ ಮರೆವ್ವ ಒಂದು ಕತೆ ಹೇಳುತ್ತಿದ್ದಳು. ಒಲೆ ಆರಿದರೆ ಇನ್ನೊಬ್ಬರ ಮನೆಯಿಂದ ಕೆಂಡ ತರಬೇಕಾಗಿದ್ದ ಕಾಲ. ಒಬ್ಬ ತಾಯಿ ಸಂಜೆಮುಂದೆ ಮಗಳನ್ನು ಕೆಂಡಕ್ಕೆ ಕಳಿಸಿ, ಹೊಸ್ತಿಲಲ್ಲಿ ನಿಂತು "ಬಂದ್ಯಾ ಮಗಳ?" ಎಂದು ಕೂಗುತ್ತಾಳೆ. ಮಗಳು ದಾರಿಯುದ್ದಕ್ಕೂ "ಓ" ಎನ್ನಬೇಕು. ಓಗೊಟ್ಟು ಓಗೊಟ್ಟು ಅವಳಿಗೆ ಬೇಸರವಾಗುತ್ತದೆ. ದಾರಿಯಲ್ಲೊಂದು ಹುಣಸೆಮರ. "ಮರವೇ ಮರವೇ, ಅವ್ವ ಕೂಗಿದಾಗ ನನ್ನ ಬದಲು ನೀನು ಓ ಅನ್ನು. ಕೆರೆಯಲ್ಲಿ ಚಂದ್ರ ಬಿದ್ದಿದ್ದಾನಂತೆ, ನೋಡಿ ಬಂದುಬಿಡುತ್ತೇನೆ" ಎಂದು ತನ್ನ ದನಿಯನ್ನು ಮರದ ಪೊಟರೆಯಲ್ಲಿಟ್ಟು ಹೋಗುತ್ತಾಳೆ. ತಾಯಿ ಕೂಗುತ್ತಾಳೆ, ಮರ ಓ ಎನ್ನುತ್ತದೆ. ತಾಯಿ ನಿಶ್ಚಿಂತೆಯಿಂದ ಹಿಟ್ಟು ನಾದುತ್ತಾಳೆ. ಮತ್ತೆ ಕೂಗುತ್ತಾಳೆ, ಮರ ಮತ್ತೆ ಓ ಎನ್ನುತ್ತದೆ.

"ಆಮ್ಯಾಲ?" ಎಂದು ನೀಲಾಂಬಿಕಾ ತಲೆ ತಿರುಗಿಸಿದಳು.

"ಅಜ್ಜಿ ಒಂದೊಂದು ಸಲ ಒಂದೊಂದು ಹೇಳ್ತಿದ್ಲು. ನಿದ್ದಿ ಬಂದಿದ್ರ, ಮರ ಇನ್ನೂ ಅನ್ನಲಿಕ್ಕತ್ತದ, ನೀ ಮಲ್ಕೋ, ಅಂತಿದ್ಲು."

"ಹುಚ್ಚಿ ಅದ ಆ ಹುಡುಗಿ. ಕೆರಿಯಾಗಿನ ಚಂದ್ರಾಮಗ ಏನು ನೋಡೂದು," ಎಂದು ನೀಲಾಂಬಿಕಾ ಜಡೆಯನ್ನು ಮುಂದೆ ಎಳೆದುಕೊಂಡಳು. "ಬಿಗಿಯಾಗಿ ಹಾಕು. ನಸುಕಿನ ತನಕ ಬಿಚ್ಚಬಾರದು."

ಮಳೆಗಾಲದ ನಡುವೆ ಓಣಿಯನ್ನು ಅಗೆದರು. ಚರಂಡಿ ಪೈಪು ಹಾಕಲು ಆಳದ ಹೊಂಡ ತೋಡಿ, ಮಣ್ಣನ್ನು ಅಲ್ಲೇ ಗುಡ್ಡೆ ಹಾಕಿ, ಹೊಂಡದ ಸುತ್ತ ಹಳದಿ ಪಟ್ಟಿಯೊಂದನ್ನು ಕಟ್ಟಿ ಹೋದರು. ಪಟ್ಟಿ ಗಾಳಿಗೆ ಹರಿಯಿತು. ಮತ್ತೆ ಯಾರೂ ಕಟ್ಟಲಿಲ್ಲ. ಕ್ಯಾಬು ಒಳಗೆ ಬರುವಂತಿರಲಿಲ್ಲ. ಇರಣ್ಣ ಮುಖ್ಯರಸ್ತೆಯಲ್ಲೇ ನಿಲ್ಲಿಸುತ್ತಿದ್ದ.

ಇರಣ್ಣ ಬಾಗಲಕೋಟೆಯ ಕಡೆಯವನು. ನೀಲಾಂಬಿಕಾಳನ್ನು "ತಂಗಿ" ಎನ್ನುತ್ತಿದ್ದ, ಊರಿಂದ ರೊಟ್ಟಿ ತಂದರೆ ಇವರಿಬ್ಬರ ಪಾಲು ತೆಗೆದಿಡುತ್ತಿದ್ದ. ಅವಳನ್ನು ಇಳಿಸಿ ಬ್ರೂಕ್‌ಫೀಲ್ಡಿನಲ್ಲಿ ಬೆಳಗಿನ ಪಾಳಿಯವರನ್ನು ಹತ್ತಿಸಿಕೊಳ್ಳಬೇಕು. ಅಲ್ಲಿ ತಡವಾದರೆ ಅವನ ಟ್ರಿಪ್ಪು ಹೋಯಿತು. ಅವಳು ಓಣಿಯ ಕೆಸರನ್ನು ದಾಟಿ, ಮೆಟ್ಟಿಲು ಹತ್ತಿ, ಬೀಗ ತೆಗೆದು, ಡೆಸ್ಕಿನ ಕರೆಗೆ ಉತ್ತರ ಕೊಡುವ ತನಕ ಅವನು ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತ ಕೂತಿರಬೇಕು. ಪಾಪ ಅನ್ನಿಸಿ ನೀಲಾಂಬಿಕಾ ಗಾಡಿಯಲ್ಲಿದ್ದಾಗಲೇ "ಸೇಫ್" ಎನ್ನತೊಡಗಿದಳು. ಅವಳೊಬ್ಬಳೇ ಅಲ್ಲ. ಗಲ್ಲಿಗಳಲ್ಲಿ ರೂಮು ಮಾಡಿಕೊಂಡಿದ್ದ ಹುಡುಗಿಯರೆಲ್ಲ ಹಾಗೇ ಮಾಡುತ್ತಿದ್ದರು. ಅದಕ್ಕೆ ಅವರವರಲ್ಲೇ ಒಂದು ಹೆಸರೂ ಇತ್ತು, ಅಡ್ವಾನ್ಸ್ ಸೇಫ್. ಡ್ರೈವರಿಗೆ ಕೊಡುವ ಮರ್ಯಾದೆ ಅದು. ಮನೆ ಮುಟ್ಟುವ ತನಕ ಬಾಯಿ ಬಿಡದವಳನ್ನು ಡ್ರೈವರುಗಳು "ಬಾಳ ಘಟ್ಟಿ ಹೆಣ್ಮಗಳು" ಎಂದು ಆಡಿಕೊಳ್ಳುತ್ತಿದ್ದರು. ಡೆಸ್ಕಿನವರಿಗೂ ಗೊತ್ತಿತ್ತು. ಫೋನಿನ ಹಿಂದೆ ಇಂಡಿಕೇಟರಿನ ಟಿಕ್ ಟಿಕ್ ಕೇಳಿಸುತ್ತಿರುವಾಗ ಯಾರಿಗೆ ತಿಳಿಯುವುದಿಲ್ಲ? ಕಾಡುಗೋಡಿಯ ರೂಟು ಎಲ್ಲಕ್ಕಿಂತ ಬೇಗ ಹಸಿರಾಗುತ್ತದೆಂದು ಮನು ಮೀಟಿಂಗಿನಲ್ಲಿ ಚಪ್ಪಾಳೆ ಹೊಡೆಸಿದ್ದ.

ಆ ದಿನ ರಾತ್ರಿಯೆಲ್ಲ ಮಳೆ ಸುರಿದು ನಸುಕಿಗೆ ನಿಂತಿತ್ತು. ಓಣಿಯಲ್ಲಿ ಕರೆಂಟು ಹೋಗಿ, ವಸಂತಮ್ಮನ ಕ್ಯಾಮೆರಾ ಕೂಡ ಕುರುಡಾಗಿತ್ತು. ಮಹಾನಂದಾ ಫೋನ್ ಮಾಡಿದಳು.

"ಸೇಫ್ ರೀಚ್ ಆದ್ರಾ?"

ಟಿಕ್ ಟಿಕ್ ಕೇಳಿಸಿತು. ಕಾರಿನ ಬಾಗಿಲು ತೆಗೆದ ಸದ್ದು. ಒಂದು ಆಕಳಿಕೆ.

"ಸೇಫ್."

ಮಹಾನಂದಾ ಒತ್ತಿದಳು. ಹಸಿರಾಯಿತು. ಮುಂದಿನ ಹೆಸರಿಗೆ ಹೋದಳು.

ಮಧ್ಯಾಹ್ನ ಅವಳು ರೂಮಿಗೆ ಬಂದಾಗ ಓಣಿಯ ಬಾಯಲ್ಲಿ ಜನ ತುಂಬಿದ್ದರು. ಅವರನ್ನು ಬಳಸಿಕೊಂಡು, ಮಣ್ಣುಗುಡ್ಡೆ ಹತ್ತಿ ಇಳಿದು ಮೆಟ್ಟಿಲೇರಿದಳು. ಬಾಗಿಲಿಗೆ ಬೀಗ ಇತ್ತು. ಹೊರಗಿನಿಂದ. ಚಿಲಕಕ್ಕೆ ಸಿಕ್ಕಿಸಿದ ಹಾಲಿನ ಪ್ಯಾಕೆಟ್ ಹಾಗೇ ನೇತಾಡುತ್ತ, ಬಿಸಿಲಿಗೆ ಉಬ್ಬಿತ್ತು. ದಿನವೂ ಅದನ್ನು ಒಳಗೊಯ್ದು, ಕಾಯಿಸಿಟ್ಟು, ಮಲಗುವವಳು ನೀಲಾಂಬಿಕಾ. ಮಹಾನಂದಾ ಪ್ಯಾಕೆಟ್ಟನ್ನು ಕೈಗೆ ತೆಗೆದುಕೊಂಡಳು. ಕೆಳಗೆ ಜನ ಯಾಕೆ ಸೇರಿದ್ದಾರೆಂದು ಅವಳಿಗೆ ಆಗ ತಿಳಿಯಿತು.

ಪೈಪಿನವರು ಹೊಂಡದ ನೀರನ್ನು ಪಂಪು ಹಾಕಿ ಎತ್ತಿಸುವಾಗ ಕೊರಳಪಟ್ಟಿಯ ಗುರುತಿನ ಚೀಟಿ ಮೊದಲು ತೇಲಿತಂತೆ. ನೀರು ರಸ್ತೆಯ ಮಟ್ಟಕ್ಕೆ ನಿಂತು, ಹೊಂಡ ಯಾವುದು ದಾರಿ ಯಾವುದು ಗೊತ್ತಾಗದ ಹಾಗೆ ಇತ್ತು. ಬ್ಯಾಗು ಹೆಗಲಲ್ಲೇ ಇತ್ತು. ಅದರಲ್ಲಿ ತೊಳೆಯದ ಟಿಫಿನ್ ಡಬ್ಬಿ, ರೂಮಿನ ಬೀಗದ ಕೈ. ಜಡೆ ಬಿಚ್ಚಿರಲಿಲ್ಲ.

ಸಂಜೆ ಪೊಲೀಸರು ಕಂಪನಿಯನ್ನು ಕೇಳಿದರು. ಕಂಪನಿ ಬರೆದು ಕೊಟ್ಟಿತು, ಉದ್ಯೋಗಿ ಸೇಫಾಗಿ ಮನೆ ತಲುಪಿರುವುದಾಗಿ ಸ್ವತಃ ಹೇಳಿದ್ದಾರೆ, ರೆಕಾರ್ಡಿಂಗ್ ಇದೆ, ಅದಾದ ಮೇಲಿನ ಸಂಗತಿ ನಮಗೆ ತಿಳಿಯದು.

ಆ ಒಂದು ಸಾಲು ಓಣಿಗೆ ಬಂದು ಮಾತಾಯಿತು. ವಸಂತಮ್ಮ ಗೇಟಿನ ಬಳಿ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು. "ಒಳ್ಳೇ ಮಗು ಕಣಮ್ಮ, ಸುಳ್ಳೇಳ್ಬಾರ್ದು. ಆದ್ರೆ ಮನೆಗ್ ಬಂದೋಳು ಆ ಕತ್ಲಲ್ಲಿ ತಿರ್ಗಾ ಆಚೆಗ್ ಯಾಕ್ ಓದ್ಲು? ಯಾರ್ ಕರೆದ್ರು? ಇಂಗೆ ಅಂತ ನಾವೇನ್ ಕಂಡೀವಾ."

"ಅಮ್ಮಾ, ಬೀಗ ಹಾಕಿತ್ತು. ಹಾಲು ಹಾಗೇ ಇತ್ತು," ಎಂದಳು ಮಹಾನಂದಾ.

"ಬೀಗ ಆಕ್ಕೊಂಡೇ ಓಗಿರ್ಬೋದಲ್ವಾ? ನಾನ್ ಅಂಗಲ್ಲ ಅಂತೀನಾ. ಜನ ಅಂತಾರೆ ಅಂದೆ."

ಮಾರನೆಯ ದಿನ ಊರಿಂದ ತಾಯಿ ಶಿವಲಿಂಗಮ್ಮ ಬಂದಳು, ಜೊತೆಗೆ ಅವಳ ತಮ್ಮ ಚನಬಸಪ್ಪ. ಶವಾಗಾರದ ಹೊರಗಿನ ಕಟ್ಟೆಯ ಮೇಲೆ ಶಿವಲಿಂಗಮ್ಮ ಸೆರಗನ್ನು ಬಿಗಿಯಾಗಿ ಹೊದ್ದು ಕೂತಿದ್ದಳು. ಅಳುತ್ತಿರಲಿಲ್ಲ. ಪೊಲೀಸಿನವರೊಂದಿಗೆ ಮಾತಾಡಿ ಬಂದ ಚನಬಸಪ್ಪನ ಮುಖ ಕಪ್ಪಿಟ್ಟಿತ್ತು.

"ಅಕ್ಕಾ, ಇಲ್ಲೇ ಮುಗಿಸಿಬಿಡೂಣು."

"ಇಲ್ಲೇ ಅಂದ್ರ?"

"ಕರೆಂಟಿನ ಸ್ಮಶಾನ ಅದಂತ. ಎಲ್ಲಾ ಅವರೇ ಮಾಡ್ತಾರ."

"ಸುಡೂದಾ?" ಶಿವಲಿಂಗಮ್ಮ ತಮ್ಮನನ್ನು ಮೊದಲ ಬಾರಿ ಕಾಣುವವಳಂತೆ ನೋಡಿದಳು. "ನಮ್ಮಾಗ ಸುಡ್ತಾರೇನೋ? ಕುಂದ್ರಿಸಿ ಮಣ್ಣು ಕೊಡ್ತಾರ. ಅವರಪ್ಪ ಹೊಲದಾಗ ಕುಂತಾನ. ಅವನ ಮಗ್ಗಲಿಗೆ ಕುಂದ್ರಸಬೇಕು ಆಕಿಗಿ."

"ಊರಿಗೆ ಹ್ಯಾಂಗ ಒಯ್ಯೂದು ಅಕ್ಕಾ? ಪೊಲೀಸ್ರು ಏನಂದ್ರು ಕೇಳಿಲ್ಲೇನು? ಮನಿ ಮುಟ್ಟಿ, ಮುಟ್ಟೀನಿ ಅಂತ ಹೇಳಿ, ಮತ್ತ ಹೊರಗ ಹೋಗ್ಯಾಳ. ಆ ನಸುಕಿನ್ಯಾಗ. ಊರವರು ಎಲ್ಲಿಗಿ ಹೋಗಿದ್ಲು, ಯಾರಿದ್ದ ಅಂತ ಕೇಳ್ತಾರ. ಮಣ್ಣಿಗಿ ಬಂದವರು ಗೋರಿ ಮುಂದ ನಿಂತು ಕೇಳ್ತಾರ. ನಿನಗೂ ಇನ್ನ ಅಲ್ಲೇ ಬದುಕೂದು ಅದ. ತಿಳ್ಕೋ."

ಶಿವಲಿಂಗಮ್ಮ "ಆಕಿ ಎದಕ್ಕ ಹೋಗಿದ್ಲು?" ಎಂದು ಯಾರನ್ನೂ ನೋಡದೆ ಕೇಳಿದಳು. ಆ ದನಿಯಲ್ಲಿ ದುಃಖದ ಜೊತೆಗೆ ಇನ್ನೇನೋ ಸೇರಿತ್ತು. ಸಂಶಯ. ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದ ಮಹಾನಂದಾಳಿಗೆ ಅದು ಕೇಳಿಸಿತು. ಹೆತ್ತವಳೇ ನಂಬಿಬಿಟ್ಟರೆ ನೀಲಾಂಬಿಕಾಳನ್ನು ಇನ್ನು ಯಾರೂ ಆ ಓಣಿಯಿಂದ ಮನೆಗೆ ಕರೆತರಲಾರರು.

ಮಧ್ಯಾಹ್ನ ಕಂಪನಿಯವರು ತಾಯಿಯನ್ನೂ ಮಾವನನ್ನೂ ಕರೆಸಿಕೊಂಡರು. ಬಾಗಿಲಾಚೆ ಮನು ಮಹಾನಂದಾಳನ್ನು ತಡೆದ. ಮನು ಕೆಟ್ಟವನಲ್ಲ, ಶವಪರೀಕ್ಷೆಯ ಓಡಾಟವನ್ನೆಲ್ಲ ಅವನೇ ಮಾಡಿಸಿದ್ದ. ಎರಡು ದಿನದಿಂದ ಗಡ್ಡ ಬೋಳಿಸಿರಲಿಲ್ಲ.

"ನೋಡಿ ಮಹಾನಂದಾ, ಅವರಿಗೆ ನನ್ನ ಕನ್ನಡ ಅರ್ಥ ಆಗ್ತಿಲ್ಲ. ನೀವೇ ನಿಮ್ಮ ಭಾಷೇಲಿ ಸಮಾಧಾನವಾಗಿ ಹೇಳ್ಬಿಡಿ. ರೆಕಾರ್ಡಿಂಗ್ ಕೇಳಿಸ್ತೀನಿ, ಮಗಳ ವಾಯ್ಸ್ ಕೇಳಿದ್ರೆ ಅವರಿಗೂ ಸ್ವಲ್ಪ... ಏನೋ ಒಂದು. ಮನೆ ಸೇರಿದ್ದಳು ಅಂತ ಹೇಳಿ, ಅಷ್ಟೇ."

"ಅವಳು ಮನೆ ಸೇರಿರಲಿಲ್ಲ ಸರ್. ನಿಮಗೂ ಗೊತ್ತು."

"ನಂಗೇನೂ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ." ಅವನು ದನಿ ತಗ್ಗಿಸಿದ. "ಗೊತ್ತಿತ್ತು ಅಂದ್ರೆ, ಗೊತ್ತಿದ್ದೂ ಯಾಕೆ ಗ್ರೀನ್ ಮಾಡಿದ್ರಿ ಅಂತ ಕೇಳ್ತಾರೆ. ನಿಮ್ಮನ್ನೇ ಕೇಳೋದು, ನನ್ನನ್ನಲ್ಲ. ಇರಣ್ಣನ ಮೇಲೆ ಕೇಸ್ ಆಗುತ್ತೆ. ಹೋದವಳು ಹೋದಳು. ಇರೋರನ್ನ ನೋಡಿ."

ಇರಣ್ಣ ಲಿಫ್ಟಿನ ಪಕ್ಕ ನಿಂತಿದ್ದ. ಕಣ್ಣು ಊದಿದ್ದವು. ಮಹಾನಂದಾಳನ್ನು ಕಂಡು ಕೈ ಮುಗಿದ. "ತಂಗಿ, ಲೈಟ್ ಹಾಕಿ ನಿಂದರ್ತೀನಿ ಅಂದ್ನಿ. ಆಕೀನ, ನೀ ಹೋಗೋ ಅಣ್ಣಾ, ಅಲ್ಲಿ ಅವರು ಕಾಯಾಕ ಹತ್ತಿರ್ತಾರ, ಅಂದ್ಲು. ನಿನ್ನ ಕಾಲ ಬೀಳ್ತೀನಿ. ನನಗೂ ಎರಡು ಕೂಸು ಅದಾವ."

ಒಳಗೆ ಎಸಿ ಜೋರಾಗಿತ್ತು. ಶಿವಲಿಂಗಮ್ಮ ದೊಡ್ಡ ಕುರ್ಚಿಯ ತುದಿಯಲ್ಲಿ, ಬರಿಗಾಲನ್ನು ನೆಲಕ್ಕೆ ಪೂರ್ತಿ ಊರದೆ ಕೂತಿದ್ದಳು. ಯಾರೋ ಬಿಸ್ಕತ್ತು ಇಟ್ಟಿದ್ದರು. ಗೋಡೆಯ ಮೇಲೆ ನಗುವ ಹುಡುಗಿಯೊಬ್ಬಳು ಕಾರಿನಿಂದ ಇಳಿಯುತ್ತಿರುವ ಚಿತ್ರ, ಅದರ ಕೆಳಗೆ ಅದೇ ಇಂಗ್ಲಿಷ್ ಪದ, ದೊಡ್ಡ ಅಕ್ಷರದಲ್ಲಿ. ಮನು ಲ್ಯಾಪ್‌ಟಾಪ್ ತಿರುಗಿಸಿ ಗುಂಡಿ ಒತ್ತಿದ.

"ಸೇಫ್ ರೀಚ್ ಆದ್ರಾ?" ಮಹಾನಂದಾಳ ದನಿ.

ಟಿಕ್ ಟಿಕ್. ಬಾಗಿಲು. ಆಕಳಿಕೆ. "ಸೇಫ್."

ಶಿವಲಿಂಗಮ್ಮನ ಕೈ ಮೇಜಿನ ಮೇಲೆ ಬಂದು, ಆ ಯಂತ್ರವನ್ನು ಮುಟ್ಟಿ, ಹಿಂದೆ ಸರಿಯಿತು. "ಇನ್ನೊಮ್ಮಿ ಹಚ್ಚರಿ."

ಮನು ಇನ್ನೊಮ್ಮೆ ಹಚ್ಚಿದ.

"ಇನ್ನೊಮ್ಮಿ."

ತಾಯಿ ಕೇಳುತ್ತಿದ್ದಳು, ಮಗಳು ಪ್ರತಿ ಸಲವೂ ತಪ್ಪದೆ ಉತ್ತರಿಸುತ್ತಿದ್ದಳು. ಎಷ್ಟು ಸಲ ಕೂಗಿದರೂ ಅದೇ ಆಕಳಿಕೆ, ಅದೇ ದನಿ. ಅಜ್ಜಿಯ ಹುಣಸೆಮರ ಹೇಗಿದ್ದಿರಬಹುದೆಂದು ಮಹಾನಂದಾ ಚಿಕ್ಕವಳಿದ್ದಾಗ ಎಷ್ಟೋ ಸಲ ಕಣ್ಣುಮುಚ್ಚಿ ಊಹಿಸಿಕೊಂಡಿದ್ದಳು. ಹೀಗೆ, ಕರಿಯ ಮುಚ್ಚಳ ತೆರೆದು ಮೇಜಿನ ಮೇಲೆ ಕೂತಿರುತ್ತದೆಂದು ಊಹಿಸಿರಲಿಲ್ಲ.

"ಸಾಕು ಅಕ್ಕಾ," ಎಂದ ಚನಬಸಪ್ಪ.

"ಏನಂತಾಳ ಆಕಿ?" ಎಂದಳು ಶಿವಲಿಂಗಮ್ಮ. "ಸೇಪು ಅಂತಾಳಲ್ಲ. ಹಂಗಂದ್ರ ಏನು?"

"ಮನೆ ಸೇರಿದೀನಿ, ಏನೂ ತೊಂದ್ರೆ ಇಲ್ಲ ಅಂತ ಅಮ್ಮಾ," ಎಂದ ಮನು, ಒಂದೊಂದು ಪದವನ್ನೂ ಬಿಡಿಸಿ. ಮಹಾನಂದಾಳ ಕಡೆ ನೋಡಿ ತಲೆಯಾಡಿಸಿದ.

ಶಿವಲಿಂಗಮ್ಮನೂ ಅವಳ ಕಡೆ ತಿರುಗಿದಳು. "ಕೇಳಿದಾಕಿ ನೀನಲ್ಲೇನು? ನಿನ್ನ ದನೀನೂ ಅದ ಅದರಾಗ. ನೀ ಹೇಳು. ಸೇಪು ಅಂದ್ರ ಏನವ್ವಾ?"

ಮಹಾನಂದಾ ಬಾಯಿ ತೆರೆದಳು. ಪದಗಳು ಸಾಲಾಗಿ ಬಂದು ನಿಂತವು, ಆರಾಮ, ಸುಖರೂಪ, ಸಾಬೂತ, ಜ್ವಾಕಿ. ಒಂದೊಂದನ್ನೂ ನೀಲಾಂಬಿಕಾ ಫೋನಿನಲ್ಲಿ ನಕ್ಕು ಹೇಳಿದ್ದಳು. ಯಾವುದನ್ನು ಎತ್ತಿಕೊಟ್ಟರೂ ತಾಯಿ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾಳೆ, ಮಗಳನ್ನು ಇಲ್ಲಿ ಸುಟ್ಟು. ಗಾಜಿನಾಚೆ ಇರಣ್ಣನ ನೆರಳು ಅಲುಗುತ್ತಿತ್ತು.

"ಯವ್ವಾ," ಎಂದಳು. ತಾಯಿಯ ಕುರ್ಚಿಯ ಪಕ್ಕ ಕುಕ್ಕರಿಸಿದಳು. ಮತ್ತೆ ಹೇಳಿದಳು. "ಯವ್ವಾ, ಸೇಫ್ ಅಂದ್ರ, ಗಾಡಿ ಹೋಗಬಹುದು ಅಂತ."

"ಮಹಾನಂದಾ," ಎಂದ ಮನು.

"ಇಲ್ಲಿ ಅದಕ್ಕ ಅಷ್ಟೇ ಅರ್ಥ. ಆಕಿ ಆ ಮಾತು ಅಂದಾಗ ಗಾಡಿಯಾಗ ಕುಂತಿದ್ಲು. ಟಿಕ್ ಟಿಕ್ ಅಂತದಲ್ಲ, ಅದು ಗಾಡೀದು. ಓಣ್ಯಾಗ ಗಾಡಿ ಬರಂಗಿಲ್ಲ, ಡ್ರೈವರಗ ಹೊತ್ತಾಗ್ತದ ಅಂತ ಎಲ್ಲರೂ ಮೊದಲೇ ಹೇಳಿಬಿಡ್ತಾರ. ನಮಗೂ ಗೊತ್ತಿರ್ತದ, ಗೊತ್ತಿದ್ದ ಒತ್ತತೀವಿ. ನಾನೂ ಒತ್ತೀನಿ. ಆಕಿ ಇನ್ನೂ ಮನಿ ಮುಟ್ಟಿದ್ದಿಲ್ಲ ಯವ್ವಾ. ಕೀಲಿ ಬ್ಯಾಗಿನ್ಯಾಗೇ ಇತ್ತು. ಹಾಲು ಬಾಗಲದಾಗೇ ಇತ್ತು."

ಚನಬಸಪ್ಪ ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

ಶಿವಲಿಂಗಮ್ಮ ನಿಧಾನವಾಗಿ ಅವನ ಭುಜ ಹಿಡಿದಳು. "ಕೇಳಿದ್ಯಾ ಚನಬಸ್ಯಾ? ಎಲ್ಲಿಗೂ ಹೋಗಿದ್ದಿಲ್ಲ ನನ್ನ ಮಗಳು. ಮನೀಗಿ ಬರ್ಲಿಕ್ಕತ್ತಿದ್ಲು." ಭುಜವನ್ನು ಅಲುಗಿಸಿದಳು. "ಮನೀಗಿ ಬರ್ಲಿಕ್ಕತ್ತಿದ್ಲೋ!" ಆಗ ಅಳು ಬಂತು, ಕಟ್ಟೆಯೊಡೆದ ಹಾಗೆ. ಕುರ್ಚಿಯಿಂದ ನೆಲಕ್ಕೆ ಜಾರಿ, ಎದೆ ಎದೆ ಬಡಿದುಕೊಂಡಳು. ಬಿಸ್ಕತ್ತಿನ ತಟ್ಟೆ ಉರುಳಿತು. ಮನು ಲ್ಯಾಪ್‌ಟಾಪ್ ಮುಚ್ಚಿದ.

ಸಂಜೆಗೆ ಮುಂಚೆ ಆಂಬುಲೆನ್ಸ್ ಊರ ಕಡೆ ಹೊರಟಿತು. ಚನಬಸಪ್ಪನೇ ಮುಂದೆ ಹತ್ತಿ ಕೂತ. ಶಿವಲಿಂಗಮ್ಮ ಹಿಂದೆ, ಮಗಳ ಪಕ್ಕ. ಬಾಗಿಲು ಹಾಕುವ ಮೊದಲು ಅವಳು ಮಹಾನಂದಾಳ ಕಡೆ ನೋಡಿದಳು. ಆ ನೋಟದಲ್ಲಿ ಕ್ಷಮೆ ಇತ್ತೋ ಇರಲಿಲ್ಲವೋ ಮಹಾನಂದಾಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಕಂಪನಿಯಲ್ಲಿ ಬೇರೇನೂ ಬದಲಾಗಲಿಲ್ಲ. ಕಾಗದದ ಮೇಲೆ ಸೇಫ್ ಎಂದದ್ದು ಸೇಫ್ ಎಂದೇ ಉಳಿಯಿತು. ವಿಚಾರಣೆ ಮುಗಿಯುವ ತನಕ ಬರಬೇಡಿ ಎಂದು ಮಹಾನಂದಾಳಿಗೆ ಮನು ಮೇಲ್ ಹಾಕಿದ. ಇರಣ್ಣನನ್ನು ತೆಗೆದರು. ಅವನು ಒಂದೇ ಸಲ ಫೋನ್ ಮಾಡಿ, "ನನ್ನ ಹೊಟ್ಟಿ ಮ್ಯಾಲ ಹೊಡದಿ ತಂಗಿ. ಆದ್ರ ನೀ ಹೇಳಿದ್ದು ಖರೇನ ಐತಿ," ಎಂದು ಇಟ್ಟುಬಿಟ್ಟ. ಡೆಸ್ಕಿಗೆ ಲಾವಣ್ಯ ಎಂಬ ಹೊಸ ಹುಡುಗಿ ಬಂದಳಂತೆ. ಹೊಂಡಕ್ಕೆ ತಗಡು ಅಡ್ಡ ಇಟ್ಟರು.

ನಿದ್ದೆ ಬಾರದ ಒಂದು ಬೆಳಿಗ್ಗೆ ಮಹಾನಂದಾ ಕಿಟಕಿಯಲ್ಲಿ ನಿಂತಿದ್ದಾಗ ಮುಖ್ಯರಸ್ತೆಯಲ್ಲಿ ಕ್ಯಾಬೊಂದು ಬಂದು ನಿಂತಿತು. ಹಿಂದಿನ ಬಾಗಿಲು ತೆರೆಯಿತು. ಒಂದು ಕಾಲನ್ನು ಹೊರಗಿಟ್ಟ ಹುಡುಗಿಯ ಕಿವಿಯಲ್ಲಿ ಫೋನ್ ಇತ್ತು. ಅವಳ ತುಟಿ ಒಮ್ಮೆ ಅಲುಗಿತು. ಇನ್ನೊಂದು ಕಾಲು ನೆಲಕ್ಕೆ ಬರುವಷ್ಟರಲ್ಲಿ ಗಾಡಿ ಹೊರಟಿತ್ತು. ಹುಡುಗಿ ಯಾವ ಗಲ್ಲಿಗೆ ತಿರುಗಿದಳೋ ಕಾಣಲಿಲ್ಲ. ಮಹಾನಂದಾ ಬೆಳಕು ಪೂರ್ತಿ ಹರಿಯುವ ತನಕ ಅಲ್ಲೇ ನಿಂತಿದ್ದಳು.

ದಿನಗಳು ಕಳೆದ ಮೇಲೆ, ಒಂದು ಸಂಜೆ ಅವಳು ಬೇರೆ ಕೆಲಸ ಹುಡುಕಿ ಸುತ್ತಾಡಿ ಬಂದು ಮೆಟ್ಟಿಲು ಹತ್ತುತ್ತಿದ್ದಾಗ ಫೋನ್ ಬಂತು. ಊರಿನದು.

"ನಾನವ್ವಾ, ನೀಲಾನ ಅವ್ವ."

"ಹೇಳ್ರೀ ಯವ್ವಾ."

"ಕುಂದ್ರಿಸೀವಿ ಆಕಿಗಿ. ಅವರಪ್ಪನ ಬಲಕ್ಕ. ಊರೆಲ್ಲಾ ಬಂದಿತ್ತು. ವಿಭೂತಿ ಹಚ್ಚೀವಿ. ಜಡಿ ಬಿಚ್ಚಲಿಲ್ಲ, ಹಂಗೇ ಬಿಟ್ಟೀವಿ. ಮಣ್ಣು ಮೊದಲು ನಾನೇ ಹಾಕಿನಿ. ಆಮ್ಯಾಲ ಚನಬಸ್ಯಾ ಹಾಕಿದ. ಮ್ಯಾಲ ಬನ್ನಿ ಗಿಡ ಹಚ್ಚೀನಿ." ಒಂದೊಂದನ್ನೇ ಎತ್ತಿ ಮುಂದಿಡುತ್ತ, ಯಾವುದೂ ಬಿಟ್ಟುಹೋಗದಂತೆ, ಹೇಳುತ್ತಿದ್ದಳು. ಹಿಂದೆ ಎಲ್ಲೋ ಕುರಿಗಳ ಸದ್ದು ಕೇಳಿಸುತ್ತಿತ್ತು.

"ನೀ ಎಲ್ಲದೀ?"

"ಮನೀಗಿ ಬಂದೀನ್ರಿ ಯವ್ವಾ."

"ಒಳಗ ಅದೀಯೇನು?"

ಮಹಾನಂದಾ ಮೆಟ್ಟಿಲ ಮೇಲಿದ್ದಳು. "ಇನ್ನ ಇಲ್ರೀ," ಎಂದಳು. "ಎರಡು ಮೆಟ್ಟಲಾ ಅವ."

"ಹತ್ತು. ನಾ ಇರ್ತೀನಿ."

ಅವಳು ಹತ್ತಿದಳು. ಬೀಗ ತೆಗೆದಳು. ಒಳಗೆ ಕತ್ತಲಿತ್ತು. ದೀಪ ಹಾಕಿದಳು. ಬಾಗಿಲು ದೂಡಿ ಮುಚ್ಚಿದಳು.

"ಬಂದೆ ಯವ್ವಾ. ಒಳಗ ಅದೀನಿ."

"ಬಾಯಲೆ ಹೇಳಬ್ಯಾಡ," ಎಂದಳು ಶಿವಲಿಂಗಮ್ಮ. "ಚಿಲಕಾ ಹಾಕು. ಸಪ್ಪಳಾ ಕೇಳಸು ನನಗ."

ಮಹಾನಂದಾ ಫೋನನ್ನು ಬಾಗಿಲಿಗೆ ಒತ್ತಿ ಹಿಡಿದು, ತುಕ್ಕು ಹಿಡಿದ ಚಿಲಕವನ್ನು ಎರಡು ಬೆರಳಲ್ಲಿ ಎಳೆದು, ಜೋರಾಗಿ ಹಾಕಿದಳು.